ಸ್ಲೋ ಗಾಡಿ

ಹತ್ತು ಬೈ ಹತ್ತರ ಖೋಲಿ.
ಅದರಾಗ ಸಿಲಿಂಡರು, ನೀರಿನ ಡ್ರಮ್ಮು, ಹೊಲಿಗಿ ಮಷಿನ್ನು,
ನಿಂಬೆವ್ವನ ಕಬ್ಬಿಣದ ಮಂಚ, ನಾನು.
ಕೌದಿ ಆರು ಬೈ ಏಳು.
ಹಾಸಿ ನೋಡಾಕ ನೆಲ ಎಲ್ಲೈತಿ?

ಅದಕ್ಕ ಮಧ್ಯಾಹ್ನ ಎರಡರ ಸುಮಾರು
ಕುರ್ಲಾದ ಈ ಗಲ್ಲಿ ಉಂಡು ಅಡ್ಡಾದಾಗ
ಗಟಾರದ ಹಾಸುಗಲ್ಲಿನ ಮ್ಯಾಲ ಹಳೇ ಫ್ಲೆಕ್ಸ್ ಬಿಡಿಸಿ,
ನಗರಸೇವಕರ ನಗುಮುಖ ಕೆಳಗ ಮಾಡಿ,
ಒಂದ ಸಲ, ಒಂದೇ ಸಲ, ಚೌಕ ಹೊಂದಸ್ತೀವಿ:
ಧಾರಾವಿಯಿಂದ ಕಿಲೋ ಲೆಕ್ಕದಾಗ ಬಂದ ಚಿಂದಿ,
ಯಾರದೋ ನೈಟಿಯ ಹೂ, ಯಾವುದೋ ಶಾಲಿಯ ಖಾಕಿ,
ಎಕ್ಸ್‌ಪೋರ್ಟಿಗೆ ನಪಾಸಾದ ಹಳದಿ.
ಕೆಂಪಿನ ಮಗ್ಗಲಕ ಕೆಂಪು ಬರಬಾರದು.
ತಿಳಿ ಬಣ್ಣದ ನಡುವ ಒಂದ ಕಪ್ಪು ಕುಂತರ
ಕಣ್ಣು ಅಲ್ಲೇ ಎಡವತೈತಿ.
ಅಷ್ಟರಾಗ ಯಾವನೋ ಸ್ಕೂಟರ್ ತರತಾನ.
ಎತ್ತು, ಎತ್ತು, ಎಲ್ಲಾ ಎತ್ತು.

ಎತ್ತಿದ ಮ್ಯಾಲ ಯಾವುದು ಯಾವುದರ ಬಾಜೂಕ ಇತ್ತು?
ನಾನಾದ್ರ ಸೀಮೆಸುಣ್ಣದ್ಲೆ ನಂಬರ್ ಬರೀತಿದ್ದೆ.
ನಿಂಬೆವ್ವಗ ಅಕ್ಷರ ಇಲ್ಲ, ಅಂಕಿ ಹತ್ತರ ತನಕ.
ಆಕಿಗೆ ಬರೂದು ಸ್ಟೇಷನ್ನು.

ಮೂವತ್ತು ವರ್ಷ ಲೇಡೀಸ್ ಡಬ್ಬಿಯಾಗ ನಿಂತು
ಕಿವಿಯಿಂದ ಕಲಿತಿದ್ದು.
ಮೊದಲನೇ ಸಾಲು: ವೀಟಿ, ಮಸ್ಜಿದ್, ಸ್ಯಾಂಡಸ್ ರೋಡ್,
ಭಾಯಖಳಾ, ಚಿಂಚಪೋಕಳಿ, ಕರಿ ರೋಡ್, ಪರೇಲ್, ದಾದರ್.
ಎಂಟು ಚೌಕ. ಒಂದರ ಮ್ಯಾಲೊಂದು ಇಟ್ಟು
ವೀಟಿಯ ಎದಿಗೆ ಪಿನ್ನು ಚುಚ್ಚಿ ನನ್ನ ಕೈಗೆ ಕೊಡತಾಳ:
"ಎಡದಿಂದ ಹೊಲಿ. ನಡುವ ಇಳೀಬ್ಯಾಡ."
ಎರಡನೇದು ಮಾಟುಂಗಾದಿಂದ ಭಾಂಡುಪ್.
ಮೂರನೇದು ನಾಹೂರದಿಂದ ಡೊಂಬಿವಲಿ.
ಕಲ್ಯಾಣದ ಆಚೆ ಆಕಿ ಎಚ್ಚರಿದ್ದು ಹೋಗಿಲ್ಲ,
ಊರಿನ ಗಾಡಿಯಾಗ ಅಷ್ಟೊತ್ತಿಗೆ ನಿದ್ದಿ.
ಹಂಗಾಗಿ ನಾಲ್ಕನೇ ಸಾಲಿನಿಂದ ಹಾರ್ಬರ್ ಲೈನು.

ಇಸ್ತ್ರಿಗೂ ಅದ ಹಿಶೋಬು.
ಒಂದನೇ ಸಾಲಿನ ಅಂಚು ವೀಟಿ ಕಡೆ ಮಲಗಬೇಕು,
ಎರಡನೇದು ಕಲ್ಯಾಣದ ಕಡೆ.
ಅಪ್ ಗಾಡಿ, ಡೌನ್ ಗಾಡಿ.
ಹಂಗಿದ್ದರ ಸಾಲಿಗೆ ಸಾಲು ಕೂಡಿಸುವಾಗ
ಅಂಚಿಗೆ ಅಂಚು ಹಲ್ಲು ಕಚ್ಚಿ ಕೂಡತಾವ,
ನಾಕು ಮೂಲಿ ಒಂದ ಚುಕ್ಕಿಯಾಗ.
ಎರಡೂ ಒಂದ ದಿಕ್ಕಿಗೆ ಮಲಗಿದ್ರ
ಗಂಟು. ಸೂಜಿ ಮುರಿದು ಕಣ್ಣಿಗೆ ಹಾರತೈತಿ.

ಮೊನ್ನೆ ಎರಡನೇ ಸಾಲು ಮುಗಿಸಿ ಹಿಡಿದರ
ಗಿಡ್ಡ. ಒಂದು ಗೇಣು ಗಿಡ್ಡ.
ಆಕಿ ಬೆರಳು ಆಡಿಸಿದ್ಲು ಚೌಕದಿಂದ ಚೌಕಕ್ಕ,
ತುಟಿ ಅಲುಗಿದವು: ಮಾಟುಂಗಾ, ಸಾಯನ್, ಕುರ್ಲಾ,
ಘಾಟಕೋಪರ್—
ಬೆರಳು ನಿಂತಿತು.
"ವಿದ್ಯಾವಿಹಾರ ಎಲ್ಲಿ?"

ಪಿನ್ನು ಬಿಚ್ಚಿದಾಗ ಜಾರಿರಬೇಕು. ಡ್ರಮ್ಮಿನ ಹಿಂದ ಸಿಕ್ಕಿತು,
ಒಂದು ಮೂಲಿ ಹಸಿ, ಮೈ ತುಂಬ ಬೆಕ್ಕಿನ ಕೂದಲು.
ನಾ ನಕ್ಕೆ: "ಅತ್ತಿ, ಈ ಸಾಲು ಫಾಸ್ಟ್ ಅನ್ನು.
ಫಾಸ್ಟ್ ಗಾಡಿ ಅಲ್ಲಿ ನಿಲ್ಲೂದಿಲ್ಲಲಾ.
ಕಡೀಕ ಹಚ್ಚಿಬಿಡೂಣು,
ಠಾಣೆದ ಬಾಯಿಗೆ ಏನ ತಿಳೀತೈತಿ?"

ಆಕಿ ನಗಲಿಲ್ಲ.
ಕನ್ನಡಕ ಹಣಿಗೇರಿಸಿ ಬ್ಲೇಡು ಹುಡುಕಿದ್ಲು.

"ಬಂದ ಹೊಸದಾಗಿ ವಿದ್ಯಾವಿಹಾರದಾಗ ಇದ್ವಿ.
ಹಾಲು ಕುಡಿಯೂ ಕೂಸು ಬಾಜೂದಾಕಿ ಕಡೆ ಬಿಟ್ಟು
ದಾದರಿಗೆ ಭಾಂಡೆ ತಿಕ್ಕಾಕ ಬಂದಿದ್ದೆ.
ಹೊಳ್ಳಿ ಹೋಗುವಾಗ ಬಂದ ಗಾಡಿ ಹತ್ತಿದೆ.
ನಮ್ಮ ತಗಡಿನ ಮನಿ ಕಂಡಿತು.
ಗಾಡಿ ನಿಲ್ಲಲಿಲ್ಲ.
ಘಾಟಕೋಪರದಾಗ ಇಳಿದು ಹಳಿಗುಂಟ ಹಿಂದಕ ನಡದೆ.
ಕುಬಸ ಒದ್ದಿಯಾಗಿತ್ತು."

ಅಷ್ಟ ಅಂದ್ಲು.
ಬ್ಲೇಡಿನ ತುದಿ ಟಾಕಿಯ ಕೆಳಗ.
ಟಕ್. ಟಕ್. ಟಕ್.
ಕುರ್ಲಾ ಬಿಚ್ಚಿತು ಘಾಟಕೋಪರದಿಂದ.

ಹಳೇ ತೂತಿನ ಮ್ಯಾಲೇ ನಾ ಹೊಸಾ ಹೊಲಿಗಿ ಹಾಕಿದೆ.

ಠಾಣೆದ ಬಾಯಿ ಬಂದು ಐನೂರಕ್ಕ ಚೌಕಾಸಿ ಮಾಡಿ
ಮಡಚಿಕೊಂಡು ಒಯ್ದಳು.
ತಲಿ ಕಡೆ ಹಾರ್ಬರ್ ಹಾಸತಾಳೋ, ವೀಟಿ ಹಾಸತಾಳೋ.

ನಾ ಮಾತ್ರ ಸಂಜಿ ಗಾಡಿಯಾಗ
"ಪುಢೀಲ ಸ್ಟೇಷನ್" ಅಂತ ಆ ಹೆಣ್ಣು ದನಿ ಅಂದ ಕೂಡಲೇ
ಬಾಯಾಗ ಪಿನ್ನು ಕಚ್ಚಿಕೊಂಡವರಂಗ
ತುಟಿ ಬಿಗಿ ಹಿಡೀತೀನಿ.